ಮೊದಲು ಹಸು, ಆಮೇಲೆ ಪಾಳುಗೋಡೆ: ಬರೋಕ್ ರೀತಿಯ ಬಯಲಿನ ಚಿತ್ರ ಬರೆಯುವುದು ಹೇಗೆ?

ಬಣ್ಣ ಹಿಡಿದು ಶ್ರೀರಂಗಪಟ್ಟಣಕ್ಕೆ ಹೋದವರು ಮೊದಲು ಕೋಟೆ ಗೋಡೆಗೆ ಕೈ ಹಾಕುತ್ತಾರೆ. ಒಂದೊಂದೇ ಕಲ್ಲು ಬರೆದು, ಜಾಗ ಉಳಿದಿದೆ ಅಂತ ಕೊನೆಗೆ ಒಂದು ಹಸು ಸೇರಿಸುತ್ತಾರೆ. ಅದು ಆಟದ ಸಾಮಾನಿನ ಥರ ಕಾಣುತ್ತದೆ. ದಯವಿಟ್ಟು ಹಸುವಿನಿಂದ ಶುರು ಮಾಡಿ.

ಬರೋಕ್ ಅಂದರೆ ಸುಮಾರು 17ನೇ ಶತಮಾನದ ಯುರೋಪಿನ ಕಲಾಶೈಲಿ. ಆ ಕಾಲದಲ್ಲಿ ರೋಮ್‌ನ ಫೋರಂ ಎಂಬ ಪ್ರಾಚೀನ ಸಾರ್ವಜನಿಕ ಚೌಕ ಪಾಳುಬಿದ್ದು ದನ ಮೇಯುವ ಜಾಗವಾಗಿತ್ತು. ಜನ ಅದನ್ನು ‘ಕಾಂಪೋ ವಾಚ್ಚಿನೋ’, ಅಂದರೆ ದನದ ಬಯಲು ಎಂದೇ ಕರೆಯುತ್ತಿದ್ದರು. ಫ್ರೆಂಚ್ ಚಿತ್ರಕಾರ ಕ್ಲೋಡ್ ಲೊರೇನ್ 1636ರಲ್ಲಿ ಅದನ್ನೇ ಬರೆದ. ಹಾರ್ಲೆಮ್‌ನ ಡಚ್ ಚಿತ್ರಕಾರ ನಿಕೊಲಾಸ್ ಬರ್ಕೆಮ್ (1620–1683) ಪಾಳು ಕಟ್ಟಡಗಳ ಮುಂದೆ ದನ, ಕುರಿ, ಕಾಯುವವರನ್ನು ಮತ್ತೆ ಮತ್ತೆ ಬರೆದ. ನಮ್ಮ ಕಾವೇರಿ ದಂಡೆಯಲ್ಲೂ ಅದೇ ನೋಟ ಇದೆ ಅಲ್ವಾ?

ಸಂಜೆ ನಾಲ್ಕೂವರೆಗೆ ಹೋಗಿ. ಮೇಯುವ ಹಸು ನಿಲ್ಲುವುದಿಲ್ಲ, ಮಲಗಿ ಮೆಲುಕು ಹಾಕುವ ಹಸು ಹುಡುಕಿ. ಪೆನ್ಸಿಲ್‌ನಲ್ಲಿ ಐದಾರು ಸ್ಕೆಚ್ ಮಾಡಿಕೊಳ್ಳಿ. ಬೆನ್ನಿನ ಗೆರೆ, ಎದ್ದು ಕಾಣುವ ಸೊಂಟದ ಮೂಳೆ, ಮಡಚಿದ ಮುಂಗಾಲು ಸಿಕ್ಕರೆ ಸಾಕು. ಹಳ್ಳಿಕಾರ್ ಆದರೆ ಕೊಂಬಿನ ಕಡೆ ಜಾಸ್ತಿ ಗಮನ ಕೊಡಿ. ನನ್ನ ಸ್ಕೆಚ್ ನೋಡಿ ದನ ಕಾಯುತ್ತಿದ್ದ ಹಿರಿಯರೊಬ್ಬರು, ‘ಕೊಂಬು ಹಿಂಗಲ್ಲ ಸ್ವಾಮಿ, ಹಿಂದಕ್ಕೋಗಿ ಆಮೇಲೆ ಮುಂದಕ್ಕೆ ಬಗ್ಗಬೇಕು’ ಅಂದರು. ತಿದ್ದಿದ ಕೂಡಲೇ ಹಸುವಿಗೆ ಜೀವ ಬಂತು.

ಮನೆಗೆ ಬಂದು ಬಿಳಿ ಕ್ಯಾನ್ವಾಸ್ ಮೇಲೆ ನೇರವಾಗಿ ಬರೆಯಬೇಡಿ. ಬರ್ನ್ಟ್ ಅಂಬರ್ ಎಂಬ ಕಡು ಕಂದು ಎಣ್ಣೆಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಪೂರ್ತಿ ಬಳಿದು, ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಆಕಾಶಕ್ಕೆ ಮೂರರಲ್ಲಿ ಎರಡು ಪಾಲು ಕೊಡಿ. ಮುಂಭಾಗ ಕಪ್ಪು ಕಂದು, ನಡುವೆ ಬಿಸಿಲು, ದೂರ ಮಸುಕು ನೀಲಿ. ಒಂದು ಪಕ್ಕದಲ್ಲಿ ಕತ್ತಲೆಯ ಮರ ಇಟ್ಟರೆ ನೋಡುವವರ ಕಣ್ಣು ತಾನಾಗಿಯೇ ಚಿತ್ರದ ಒಳಗೆ ಹೋಗುತ್ತದೆ.

ಹಸುಗಳನ್ನು ಸಾಲಾಗಿ ನಿಲ್ಲಿಸಬೇಡಿ. ಒಂದು ನಿಂತಿರಲಿ, ಅದರ ಹೊಟ್ಟೆಗೆ ಅರ್ಧ ಮರೆಯಾಗಿ ಇನ್ನೊಂದು ಮಲಗಿರಲಿ. ನಿಂತದ್ದು ತಿಳಿ ಬಣ್ಣದ್ದಾಗಿದ್ದು ಅದರ ಹಿಂದೆ ನೆರಳು ಬೀಳಲಿ, ಆಗ ದೂರದಿಂದಲೂ ಮೊದಲು ಅದೇ ಕಾಣುತ್ತದೆ.

ಗೋಡೆಗೆ ಕಣ್ಣು ಕಿರಿದು ಮಾಡಿ ನೋಡಿ. ಬಿಸಿಲು, ನೆರಳು, ಇವೆರಡರ ನಡುವಿನದು, ಈ ಮೂರೇ ಬಣ್ಣ ಸಾಕು. ಕಲ್ಲಿನ ಗೆರೆ ಎಳೆಯುವ ಆಸೆ ತಡೆಯಿರಿ. ಆಕಾಶಕ್ಕೆ ತಾಗುವ ಮುರಿದ ಅಂಚು ಮತ್ತು ಸಂದಿಯಲ್ಲಿ ಹುಟ್ಟಿದ ಅರಳಿ ಗಿಡ, ಇಷ್ಟನ್ನು ಮಾತ್ರ ಸರಿಯಾಗಿ ಬರೆಯಿರಿ.

ಬಣ್ಣದ ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಜಾಸ್ತಿ. ಉಲ್ಟಾ ಆದರೆ ಬಿರುಕು ಬಿಡುತ್ತದೆ. ಎಲ್ಲಾ ಒಣಗಿದ ಮೇಲೆ ಬಿಳಿಗೆ ಸ್ವಲ್ಪ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಸೇರಿಸಿ, ನಿಂತ ಹಸುವಿನ ಬೆನ್ನ ಮೇಲೆ ಒಂದೇ ಗೆರೆ ಎಳೆಯಿರಿ. ಗೋಡೆಗೆ ಅಷ್ಟು ಬೆಳಕು ಕೊಡಬೇಡಿ.