ಪುಣೆಯ ದಾವೆಯನ್ನು ಬೆಂಗಳೂರಿನ ಷರತ್ತು ನಿಲ್ಲಿಸಿದ್ದು: ನನ್ನ ಅನುಭವ

ಪೀಣ್ಯದಲ್ಲಿ ಪ್ಯಾನೆಲ್ ಬೋರ್ಡ್ ಮಾಡುವ ನಮ್ಮೆಲ್ಲರ ಆರ್ಡರ್ ಅಕ್ಸೆಪ್ಟೆನ್ಸ್‌ನಲ್ಲೂ (ಆರ್ಡರ್ ಒಪ್ಪಿದೆವು ಅಂತ ಗಿರಾಕಿಗೆ ಕೊಡುವ ಪತ್ರ) ‘ವ್ಯಾಜ್ಯ ಬಂದರೆ ಬೆಂಗಳೂರು ಕೋರ್ಟ್’ ಅನ್ನೋ ಷರತ್ತು ಇರುತ್ತದೆ. ಅದೆಲ್ಲ ಸುಮ್ನೆ, ಕೋರ್ಟಲ್ಲಿ ನಿಲ್ಲುವುದಿಲ್ಲ ಅಂತ ಅಕ್ಕಪಕ್ಕದ ಶೆಡ್ಡಿನವರು ಹೇಳುತ್ತಲೇ ಇದ್ದರು. ನನ್ನದು ನಿಂತಿತು.

ಹೆಚ್ಚುಕಮ್ಮಿ 18 ಲಕ್ಷ ಬಾಕಿ ಇಟ್ಟಿದ್ದ ಪುಣೆಯ ಗಿರಾಕಿ, ನಾವು ನೋಟಿಸ್ ಕೊಟ್ಟ ಕೂಡಲೇ ಮಾಲು ಸರಿಯಿಲ್ಲ ಅಂತ ತಾನೇ ಅಲ್ಲಿ ದಾವೆ ಹಾಕಿದ. ವಕೀಲರ ಫೀಸು, ಓಡಾಟ, ಲಾಡ್ಜು ಎಲ್ಲ ಸೇರಿ ಲಕ್ಷದ ಹತ್ತಿರ ಕೈಬಿಟ್ಟಿತು. ‘ಬೆಂಗಳೂರು ಮಾತ್ರ’ ಅಂತ ಬರೆದಿಲ್ಲ, ಹಾಗಾಗಿ ಪುಣೆಯೂ ನಡೆಯುತ್ತದೆ ಅನ್ನೋದು ಅವರ ವಾದ. ನಮ್ಮ ವಕೀಲರಿಗೂ ಅನುಮಾನ. ನಾನೇ ಹಠ ಹಿಡಿದು ಸುಪ್ರೀಂ ಕೋರ್ಟಿನ 2013ರ ಸ್ವಸ್ತಿಕ್ ಗ್ಯಾಸಸ್ ತೀರ್ಪು ತೋರಿಸಿದೆ. ‘ಮಾತ್ರ’ ಇಲ್ಲದಿದ್ದರೂ ಒಂದು ಊರನ್ನು ಹೆಸರಿಸಿದರೆ ಉಳಿದವನ್ನು ಬಿಟ್ಟಂತೆ ಅಂತ ಅದರಲ್ಲಿದೆ. ದಾವೆಗೆ ನಮ್ಮ ಲಿಖಿತ ಹೇಳಿಕೆ ಕೊಡುವುದಕ್ಕೂ ಮುಂಚೆ, ಈ ಕೋರ್ಟಿಗೆ ಅಧಿಕಾರವಿಲ್ಲ, ವಾದಪತ್ರ ವಾಪಸ್ ಕೊಡಿ ಅನ್ನೋ ಆರ್ಡರ್ 7 ರೂಲ್ 10ರ ಅರ್ಜಿ ಹಾಕಿಸಿದೆ. ತಡ ಮಾಡಿದರೆ, ಊರಿನ ತಕರಾರು ಮೊದಲೇ ಎತ್ತಬೇಕು ಅನ್ನೋ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 21ನೇ ಸೆಕ್ಷನ್ ಅಡ್ಡ ಬರುತ್ತದಲ್ವಾ.

ಕೆಲಸ ಮಾಡಿದ್ದು ಆರ್ಡರ್ ಅಕ್ಸೆಪ್ಟೆನ್ಸ್‌ನ ಎರಡನೇ ಪುಟ. ಷರತ್ತಿನ ಪಕ್ಕದಲ್ಲೇ ಅವರ ಪರ್ಚೇಸ್ ಮ್ಯಾನೇಜರ್ ನೀಲಿ ಪೆನ್ನಲ್ಲಿ ಹಾಕಿದ ಚಿಕ್ಕ ಸಹಿ, ಅದರ ಮೇಲೆ ಅರ್ಧ ಮೂಡಿದ ಸೀಲು. ಅಲ್ಲೇ ಸಹಿ ಬೀಳುವ ಹಾಗೆ ಹೇಗೆ ಮಾಡಿಸುತ್ತೇನೆ ಅನ್ನೋದು ನನ್ನಲ್ಲೇ ಇರಲಿ.

ಹಿಂದೆ ಚೆನ್ನೈನವರ ಜೊತೆ ಇದೇ ದಾರಿ ಹಿಡಿದಾಗ ಸೋತಿದ್ದೆವು. ಆಗ ಷರತ್ತು ಇದ್ದದ್ದು ಇನ್‌ವಾಯ್ಸ್ ಹಿಂಬದಿಯಲ್ಲಿ, ಸಣ್ಣಕ್ಷರದಲ್ಲಿ. ಅವರ ಸಹಿ ಎಲ್ಲೂ ಇಲ್ಲ. ಒಪ್ಪಿದ್ದಾರೆ ಅನ್ನೋದಕ್ಕೆ ಏನಿದೆ ಅಂತ ಕೋರ್ಟು ಕೇಳಿತು, ಎರಡು ಲಕ್ಷದಷ್ಟು ಹೋಯಿತು.

ಇಬ್ಬರಿಗೂ ಸಮ ಇರಲಿ ಅಂತ ದೆಹಲಿಯ ಒಬ್ಬರ ಜೊತೆ ಹೈದರಾಬಾದ್ ಅಂತ ಬರೆದೂ ನೋಡಿದ್ದೆ. ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಊರಿಗೆ ಬರಿ ಒಪ್ಪಂದದಿಂದ ಅಧಿಕಾರ ಬರುವುದಿಲ್ಲ, 1971ರ ಹಾಕಮ್ ಸಿಂಗ್ ತೀರ್ಪಿನಿಂದಲೂ ಹಾಗೇ. ಅದನ್ನು ಬಿಟ್ಟೆ. ವ್ಯವಹಾರಕ್ಕೆ ಬೆಂಗಳೂರಿನ ನಂಟು ಇರಲಿ ಅಂತ ಈಗ ಮಾಲು ಪೀಣ್ಯದ ಗೇಟಲ್ಲೇ ಒಪ್ಪಿಸುತ್ತೇನೆ, ದುಡ್ಡು ಇಲ್ಲಿನ ಬ್ಯಾಂಕ್ ಖಾತೆಗೇ ಬರಬೇಕು.

ಪುಣೆ ಕೋರ್ಟು ವಾದಪತ್ರ ವಾಪಸ್ ಕೊಟ್ಟಿತು. ಅವರು ಇಲ್ಲಿ ಬಂದು ಹಾಕಲೇ ಇಲ್ಲ. ನಾವೇ ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆಯ 12ಎ ಸೆಕ್ಷನ್‌ನಡಿ, ದಾವೆಗೂ ಮುಂಚಿನ ಮಧ್ಯಸ್ಥಿಕೆಗೆ ಅರ್ಜಿ ಕೊಟ್ಟೆವು. 3 ಲಕ್ಷ ದಾಟಿದ ಕಮರ್ಷಿಯಲ್ ದಾವೆಗೆ, ತುರ್ತು ಆದೇಶ ಬೇಡದಿದ್ದರೆ, ಅದು ಕಡ್ಡಾಯ. 15 ಲಕ್ಷಕ್ಕೆ ಒಪ್ಪಂದವಾಯಿತು. ಅಲ್ಲಿ ಆದ ಒಪ್ಪಂದಕ್ಕೆ ಆರ್ಬಿಟ್ರೇಷನ್ ಅವಾರ್ಡಿನಷ್ಟೇ (ಪಂಚಾಯ್ತಿದಾರರ ತೀರ್ಪು) ಬಲ. ದೊಡ್ಡ ಕಂತು ಬಂದಾಯಿತು, ಉಳಿದದ್ದಕ್ಕೆ ಮುಂದಿನ ತಿಂಗಳ ಚೆಕ್ ಕೊಟ್ಟಿದ್ದಾರೆ.