ಸ್ಪೀಡ್‌ವೇ ಸವಾರನಾಗಬೇಕೆ? ಮೊದಲು ಊರ ಕೆಂಪು ಮಣ್ಣಲ್ಲಿ ಜಾರಲು ಕಲಿಯಿರಿ

ಸ್ಪೀಡ್‌ವೇ ಅಂದರೆ ಅಂಡಾಕಾರದ ಮಣ್ಣಿನ ಪಥದಲ್ಲಿ ಓಡುವ ಬೈಕ್ ರೇಸು. ಅದರ ಬೈಕಿಗೆ ಬ್ರೇಕಿಲ್ಲ, ಓಡುವಾಗ ಬದಲಿಸಲು ಗೇರೂ ಇಲ್ಲ. 500 ಸಿಸಿಯ ಒಂಟಿ ಸಿಲಿಂಡರ್, ಮೆಥನಾಲ್ ಇಂಧನ, ಕನಿಷ್ಠ ತೂಕ 77 ಕಿಲೊ. ನಾಲ್ವರು ಸವಾರರು, ನಾಲ್ಕು ಸುತ್ತು, ತಿರುವೆಲ್ಲ ಎಡಕ್ಕೇ. ಗೆದ್ದವರಿಗೆ 3 ಅಂಕ, ನಂತರದವರಿಗೆ 2 ಮತ್ತು 1, ಕೊನೆಯವರಿಗೆ ಸೊನ್ನೆ. ವೇಗ ಇಳಿಸುವುದೂ ತಿರುಗುವುದೂ ಹಿಂದಿನ ಚಕ್ರ ಜಾರಿಸಿಯೇ, ಆ ಜಾರಿಕೆಯ ಲಗಾಮು ಬಲಗೈಯ ಥ್ರಾಟಲ್. ಅದನ್ನು ಕಲಿಯಲು ಮೊದಲ ದಿನವೇ ಈ ಆಟದ ದೊಡ್ಡ ಲೀಗು ಇರುವ ಪೋಲೆಂಡಿಗೆ ಓಡಬೇಕಿಲ್ಲ. ಹಳೆಯ 100 ಸಿಸಿ ಬೈಕು, ಹದವಾದ ಮಣ್ಣು ಸಾಕು.

ಜಾಗ ಅಂದ ಕೂಡಲೇ ಕಾರವಾರದ ಕಡಲತೀರ ನೆನಪಾಗುತ್ತದೆ. ಅಲ್ಲಿ ಬೇಡ. ಒಣ ಮರಳಲ್ಲಿ ಮುಂಚಕ್ರ ಹೂತುಹೋಗುತ್ತದೆ, ಉಪ್ಪು ಚೈನನ್ನೂ ಸ್ಪೋಕನ್ನೂ ತಿನ್ನುತ್ತದೆ, ಮೇಲಾಗಿ ಈ ಕರಾವಳಿಯ ಮರಳಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ. ಶಿರಸಿ ಕಡೆಯ ಸೊಪ್ಪಿನಬೆಟ್ಟವೂ ಬೇಡ, ಅದು ಅರಣ್ಯದ ನೆಲ. ಕೊಯ್ಲಾದ ಮೇಲೆ ಶೇಂಗಾ ಹಾಕದೆ ಬಿಟ್ಟ ಅಗಲವಾದ ಗದ್ದೆಯೋ, ಯಾರದಾದರೂ ಖಾಲಿ ಜಾಗವೋ ಸಿಕ್ಕರೆ ಮಾಲೀಕರನ್ನು ಕೇಳಿ ಒಪ್ಪಿಸಿ.

30 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆದು, 10 ಮೀಟರ್ ಹಗ್ಗ ಕಟ್ಟಿ ಎರಡೂ ತುದಿಗೆ ಅರ್ಧವೃತ್ತ ಎಳೆಯಿರಿ, ನೇರ ಗೆರೆಯಿಂದ ಕೂಡಿಸಿ. ಒಳಗೆರೆಯಲ್ಲಿ ಒಂದು ಸುತ್ತಿಗೆ ಸುಮಾರು 123 ಮೀಟರ್. ನಿಜವಾದ ಟ್ರ್ಯಾಕ್ 260ರಿಂದ 425 ಮೀಟರ್ ಇರುತ್ತದೆ. ಪಥ 8 ಮೀಟರ್ ಅಗಲ, ಅದರಾಚೆ ಬದು, ಮರ, ಬೇಲಿ ಯಾವುದೂ ಇಲ್ಲದ ಇನ್ನೊಂದು 8 ಮೀಟರ್ ಖಾಲಿ ನೆಲ. ಸುಣ್ಣದ ಗೆರೆ ಹಾಕಿದ ಮೇಲೆ ಗೂಟ ಕಿತ್ತುಬಿಡಿ.

ತಳ ಗಟ್ಟಿ, ಮೇಲೆ ಎರಡು ಮೂರು ಸೆಂಟಿಮೀಟರ್ ಸಡಿಲ ಮಣ್ಣು. ಚಿರೇಕಲ್ಲಿನ ಚೂರುಗಳನ್ನು ಹೆಕ್ಕಿ ತೆಗೆಯಿರಿ, ಹಿಂದಿನ ಬೈಕಿನವನ ಮುಖಕ್ಕೆ ಹಾರುವುದು ಅವೇ. ಚದರ ಮೀಟರಿಗೆ ಒಂದು ಲೀಟರಿನಂತೆ ಹಿಂದಿನ ಸಂಜೆ 1200 ಲೀಟರ್ ನೀರು ಚಿಮುಕಿಸಿ. ಹಿಡಿ ಮಣ್ಣು ಅದುಮಿದರೆ ಉಂಡೆಯಾಗಬೇಕು, ಅಂಗೈಗೆ ಕೆಸರು ಮೆತ್ತಬಾರದು. ಹತ್ತು ಸುತ್ತಿನಲ್ಲಿ ಚಕ್ರ ಮಣ್ಣನ್ನೆಲ್ಲ ಹೊರ ಅಂಚಿಗೆ ತಳ್ಳಿ ಒಳಪಥ ಬೋಳಾಗುತ್ತದೆ, ಅದನ್ನು ಮತ್ತೆ ಒಳಕ್ಕೆ ಎಳೆದು ಹಾಕದೆ ಮುಂದಿನ ಸರದಿ ಶುರು ಮಾಡಬೇಡಿ.

ಬೈಕಿನ ಸೈಡ್ ಸ್ಟ್ಯಾಂಡ್, ಕನ್ನಡಿ, ಎಡ ಫುಟ್‌ರೆಸ್ಟ್ ಬಿಚ್ಚಿ. ಎಡಕ್ಕೆ ವಾಲಿದಾಗ ಸ್ಟ್ಯಾಂಡ್ ನೆಲಕ್ಕೆ ಸಿಕ್ಕಿಕೊಂಡರೆ ಹಿಂಚಕ್ರ ಎದ್ದುಬಿಡುತ್ತದೆ. ಮುಂದಿನ ಬ್ರೇಕ್ ಲಿವರ್ ತೆಗೆಯಿರಿ, ಗಾಬರಿಯಲ್ಲಿ ಕೈ ಹೋಗುವುದು ಅದಕ್ಕೇ. ಹಿಂದಿನದು ಸದ್ಯಕ್ಕೆ ಇರಲಿ. ಬಲ ಮಣಿಕಟ್ಟಿಗೆ ಕಟ್ಟುವ ದಾರದ ಕಿಲ್ ಸ್ವಿಚ್ (ಬಿದ್ದಾಗ ದಾರ ಕಿತ್ತು ಎಂಜಿನ್ ನಿಲ್ಲಿಸುವಂಥದ್ದು) ಕಡ್ಡಾಯ, ಸ್ಪೀಡ್‌ವೇಯಲ್ಲೂ ಅದೇ ನಿಯಮ. ದೋಣಿಯ ಔಟ್‌ಬೋರ್ಡ್ ಎಂಜಿನ್ನಿಗೆ ಬಳಸುವ ಸ್ವಿಚ್ ಆಗುತ್ತದೆ, ಆದರೆ ನಿಮ್ಮ ಬೈಕು ವೈರ್ ಅರ್ಥ್ ಆದರೆ ನಿಲ್ಲುವುದೋ, ಕರೆಂಟ್ ಕಡಿದರೆ ನಿಲ್ಲುವುದೋ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ ಹಾಕಿಸಿ. ಎಡ ಬೂಟಿನಡಿಗೆ 3 ಮಿಲಿಮೀಟರ್ ಕಬ್ಬಿಣದ ತಗಡನ್ನು ವೆಲ್ಡಿಂಗ್ ಅಂಗಡಿಯಲ್ಲಿ ಬಗ್ಗಿಸಿ, ಚರ್ಮದ ಪಟ್ಟಿಯಲ್ಲಿ ಬಿಗಿಯಿರಿ. ತುದಿ ಮೇಲಕ್ಕೆ ಬಾಗಿರಬೇಕು, ಇಲ್ಲದಿದ್ದರೆ ಮಣ್ಣಿಗೆ ಚುಚ್ಚಿ ಮಂಡಿ ತಿರುಚುತ್ತದೆ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಬೆನ್ನಿನ ರಕ್ಷಾಕವಚ, ಆಸ್ಪತ್ರೆಗೆ ಓಡಲು ಗೇಟಿನ ಹತ್ತಿರ ಕೀಲಿ ಸಮೇತ ಒಂದು ಕಾರು: ಇವಿಲ್ಲದೆ ಎಂಜಿನ್ ಶುರು ಮಾಡಬೇಡಿ.

ಈಗ ಸವಾರಿ. ಎರಡನೇ ಗೇರು, ಎಡಕ್ಕೆ ನಿಧಾನ ಸುತ್ತು. ಸೀಟಿನ ಬಲ ಅಂಚಿಗೆ ಕೂತು ಬೈಕನ್ನು ಮಾತ್ರ ವಾಲಿಸಿ, ನಿಮ್ಮ ಮೈ ಅದಕ್ಕಿಂತ ನೆಟ್ಟಗಿರಲಿ. ಎಡಗಾಲು ಮುಂಚಕ್ರದ ಕಡೆ ಚಾಚಿ, ಮಂಡಿ ಸ್ವಲ್ಪ ಮಡಚಿ, ನೆಲ ಸವರುತ್ತಿರಿ, ಭಾರ ಬಿಡಬೇಡಿ. ತಿರುವಿಗೆ ಮುನ್ನ ಥ್ರಾಟಲ್ ಒಂದು ಕ್ಷಣ ಇಳಿಸಿ, ಬೈಕು ವಾಲಿದ ಕೂಡಲೇ ತೆರೆಯಿರಿ. ಹಿಂಭಾಗ ಹೊರಕ್ಕೆ ಹೊರಟಾಗ ಹ್ಯಾಂಡಲ್ ಬಲಕ್ಕೆ ತಿರುಗಲಿ, ಕಣ್ಣು ತಿರುವಿನ ಕೊನೆಯಲ್ಲಿರಲಿ. 100 ಸಿಸಿಯ ಬಲ ಸಾಲದಿದ್ದರೆ ಹಿಂದಿನ ಬ್ರೇಕನ್ನು ಒಮ್ಮೆ ತಾಗಿಸಿ ಜಾರಿಸಿ, ಕೈ ಪಳಗಿದಂತೆ ಅದನ್ನೂ ಬಿಡಿ.

ಹೆಚ್ಚಿನವರು ಬೀಳುವುದು ಇಲ್ಲೇ. ಜಾರಿದಾಗ ಹೆದರಿ ಥ್ರಾಟಲ್ ಪೂರ್ತಿ ಮುಚ್ಚುತ್ತಾರೆ. ಟೈರು ತಟಕ್ಕನೆ ಹಿಡಿತ ಪಡೆದು ಬೈಕು ನೆಟ್ಟಗಾಗಿ ಸವಾರನನ್ನು ಬಲಕ್ಕೆ ಎತ್ತಿ ಒಗೆಯುತ್ತದೆ. ಅತಿಯಾಗಿ ತೆರೆದರೆ ಎಡಕ್ಕೆ ಮಲಗುತ್ತದೆ, ಅದರಲ್ಲಿ ಪೆಟ್ಟು ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ಜಾರಿಕೆ ಹೆಚ್ಚಾಯಿತು ಅನಿಸಿದರೆ ಥ್ರಾಟಲನ್ನು ಕೂದಲೆಳೆಯಷ್ಟು ಇಳಿಸಿ, ಬಿಟ್ಟೇ ಬಿಡಬೇಡಿ. ಕೈ ಸೋತಾಗ ಈ ನಾಜೂಕು ಉಳಿಯುವುದಿಲ್ಲ, ಒಮ್ಮೆಗೆ ನಾಲ್ಕೇ ಸುತ್ತು ಹೊಡೆದು ನಿಲ್ಲಿಸಿ.

ಕೆಂಪು ಧೂಳು ಏರ್ ಫಿಲ್ಟರ್ ದಾಟಿದರೆ ಪಿಸ್ಟನ್ ರಿಂಗ್ ಸವೆಯುತ್ತದೆ, ಅಭ್ಯಾಸ ಮುಗಿದ ದಿನವೇ ಫಿಲ್ಟರ್ ಶುಚಿ ಮಾಡಿ.

ಮುಂದಿನ ದಾರಿಯಲ್ಲಿ ವಯಸ್ಸು ಮುಖ್ಯ. ಸ್ಪೀಡ್‌ವೇ ಗ್ರ್ಯಾನ್ ಪ್ರಿ (ಎಸ್‌ಜಿಪಿ) ಎಂಬ ವಿಶ್ವ ಸ್ಪರ್ಧೆಯಲ್ಲಿ ಎಸ್‌ಜಿಪಿ-3 ಹದಿಹರೆಯದವರಿಗೆ, 250 ಸಿಸಿ ಬೈಕಿನಲ್ಲಿ, ಎಸ್‌ಜಿಪಿ-2 ಇಪ್ಪತ್ತೊಂದರವರೆಗಿನವರಿಗೆ, ಅದರ ಮೇಲೆ 1995ರಲ್ಲಿ ಶುರುವಾದ ಮುಖ್ಯ ಗ್ರ್ಯಾನ್ ಪ್ರಿ. ಭಾರತದ ಸ್ಪರ್ಧಾ ಲೈಸೆನ್ಸನ್ನು ದೇಶದ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟ ಎಫ್‌ಎಂಎಸ್‌ಸಿಐ ಕೊಡುತ್ತದೆ. ಮೊದಲು ದೇಶದ ಡರ್ಟ್ ರೇಸುಗಳಲ್ಲಿ ಓಡಿ. ಪೋಲೆಂಡ್, ಸ್ವೀಡನ್, ಬ್ರಿಟನ್ನಿನ ಲೀಗುಗಳಲ್ಲಿ ಗಳಿಕೆ ಬಹುಪಾಲು ಅಂಕದ ಲೆಕ್ಕದಲ್ಲಿ, ಬೈಕು ಮತ್ತು ಮೆಕ್ಯಾನಿಕ್ ಖರ್ಚು ಸಾಮಾನ್ಯವಾಗಿ ಸವಾರನದ್ದೇ.

ಯುರೋಪಿನ ರೇಸ್ ಋತು ಸುಮಾರು ಏಪ್ರಿಲಿನಿಂದ ಅಕ್ಟೋಬರ್, ಅಂದರೆ ನಮ್ಮ ಮಳೆಗಾಲವೂ ಅದರಲ್ಲೇ ಬರುತ್ತದೆ. ಇಲ್ಲಿ ಗದ್ದೆ ನೀರು ತುಂಬಿ ನಿಂತ ಜುಲೈಯಲ್ಲಿ ಅಲ್ಲಿನ ತರಬೇತಿ ಶಾಲೆಗೆ ಹೋಗುವುದು ಸರಿಯಾದ ಲೆಕ್ಕ. ಹಣ ಕಟ್ಟುವ ಮುನ್ನ ಬಾಡಿಗೆ ಬೈಕಿನ ಎಂಜಿನ್ ಒಡೆದರೆ ಯಾರ ಹೊಣೆ, ನಿಮ್ಮ ವಿಮೆ ಮೋಟಾರ್ ರೇಸಿನ ಗಾಯಕ್ಕೆ ಅನ್ವಯಿಸುತ್ತದೆಯೇ, ಇವೆರಡನ್ನೂ ಬರಹದಲ್ಲಿ ತರಿಸಿಕೊಳ್ಳಿ.