ತುಣುಕನ್ನು ಅರೆಯುವುದಿಲ್ಲ, ಕೊಚ್ಚುತ್ತೇನೆ

ನಾನು ಮೈಕ್ರೋಬಯಾಲಜಿ ಲ್ಯಾಬಿನ ಡಾಕ್ಟರ್. ಕೀಮೋದಿಂದ ಬಿಳಿ ರಕ್ತಕಣ ಕುಸಿದವರು, ಅಂಗಾಂಗ ಕಸಿ ಆದವರು, ಶುಗರ್ ಹತೋಟಿ ತಪ್ಪಿದವರು, ಸ್ಟೀರಾಯ್ಡ್ ಜಾಸ್ತಿ ತೆಗೆದುಕೊಳ್ಳುವವರು. ಇಂಥವರ ಸೈನಸ್ಸಿನಿಂದಲೋ ಶ್ವಾಸಕೋಶದಿಂದಲೋ ತೆಗೆದ ತುಣುಕು ಬಂದರೆ ಉಳಿದ ಕೆಲಸ ಬದಿಗಿಟ್ಟು ಮೊದಲು ಅದನ್ನೇ ನೋಡುತ್ತೇನೆ. ಫಂಗಸ್ಸಿನ ಬೀಜಕಣಗಳನ್ನು ನಾವೆಲ್ಲ ದಿನಾ ಉಸಿರಾಡುತ್ತಲೇ ಇರುತ್ತೇವೆ, ಏನೂ ಆಗುವುದಿಲ್ಲ. ಇವರಲ್ಲಿ ಅವು ಮೊಳೆತು ರಕ್ತನಾಳಕ್ಕೇ ನುಗ್ಗುತ್ತವೆ.

ಮೊದಲು ನೋಡುವುದು ಬಾಟಲಿಯನ್ನು. ಮಾಂಸ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಬಂದಿದ್ದರೆ ಫಂಗಸ್ ಸತ್ತಿರುತ್ತದೆ, ಅದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಆಸೆ ಬಿಟ್ಟಂತೆಯೇ. ಎಷ್ಟು ಸಲ ಹೇಳಿದರೂ ಒಂದೇ ಬಾಟಲಿ ಕಳಿಸುವವರಿದ್ದಾರೆ! ಪೆಥಾಲಜಿಗೆ ಫಾರ್ಮಲಿನ್, ನಮಗೆ ಸಲೈನ್. ಅಷ್ಟೇ ಕೇಳುವುದು.

ತುಣುಕನ್ನು ಸ್ಟೆರೈಲ್ ಬ್ಲೇಡಿನಿಂದ ಸಣ್ಣಗೆ ಕೊಚ್ಚುತ್ತೇನೆ. ಅರೆಯುವುದಿಲ್ಲ. ಜನ ಬ್ಲ್ಯಾಕ್ ಫಂಗಸ್ ಅನ್ನುವ ಮ್ಯೂಕರ್ ಜಾತಿಯ ಫಂಗಸ್ಸಿನ ಎಳೆಗಳಲ್ಲಿ ಅಡ್ಡಗೋಡೆಗಳೇ ಅಪರೂಪ. ಒಂದು ಕಡೆ ಜಜ್ಜಿದರೆ ಒಳಗಿನದೆಲ್ಲ ಸೋರಿ ಎಳೆ ಸಾಯುತ್ತದೆ. ಆಮೇಲೆ ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಕಲ್ಚರ್‌ನಲ್ಲಿ ಬೆಳೆಯುವುದೇ ಇಲ್ಲ. ಕೊಚ್ಚಿದ್ದನ್ನು ಫಂಗಸ್ ಬೆಳೆಸುವ ಸಬೂರೋ ಅಗಾರ್‌ನೊಳಗೆ ಸ್ವಲ್ಪ ಒತ್ತಿ ಇಡುತ್ತೇನೆ. ಅದರಲ್ಲಿ ಬೇಡದ ಫಂಗಸ್ ತಡೆಯಲು ಸೇರಿಸುವ ಸೈಕ್ಲೋಹೆಕ್ಸಿಮೈಡ್ ಇರಬಾರದು, ಅದು ಈ ಫಂಗಸ್‌ಗಳನ್ನೂ ತಡೆಯುತ್ತದೆ.

ಒಂದು ಚೂರನ್ನು ಸ್ಲೈಡಿಗೆ ಹಾಕಿ, 20% ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಬಿಟ್ಟು, ಕವರ್‌ಸ್ಲಿಪ್ ಮುಚ್ಚಿ ಬಿಡುತ್ತೇನೆ. ಮಾಂಸ ಕರಗಿ ಸ್ಲೈಡ್ ತಿಳಿಯಾಗುವವರೆಗೆ ಕಾಯಲೇಬೇಕು, ಅವಸರ ಮಾಡಿದರೆ ಬರೀ ಮಬ್ಬು. ಕಂಡೆನ್ಸರ್ ಇಳಿಸಿ ಬೆಳಕು ತಗ್ಗಿಸಿದಾಗ ಎಳೆಗಳು ಎದ್ದು ಕಾಣುತ್ತವೆ. ಆಸ್ಪರ್ಜಿಲಸ್ ಎಂಬ ಇನ್ನೊಂದು ಫಂಗಸ್ ಆದರೆ ಸಣ್ಣ ಎಳೆ, ಒಂದೇ ಅಗಲ, ಅಲ್ಲಲ್ಲಿ ಅಡ್ಡಗೋಡೆ, ಸುಮಾರು 45 ಡಿಗ್ರಿಯಲ್ಲಿ ಕವಲು. ಮ್ಯೂಕರ್ ಆದರೆ ಅಗಲವಾಗಿ, ರಿಬ್ಬನ್ ಥರ ಮಡಚಿಕೊಂಡು, ಒಂದು ಕಡೆ ದಪ್ಪ ಒಂದು ಕಡೆ ತೆಳು. ಅದರ ಕವಲು 90 ಡಿಗ್ರಿ ಅಂತ ಪುಸ್ತಕದಲ್ಲಿದೆ. ನಾನು ಕೋನವನ್ನು ಅಷ್ಟಾಗಿ ನಂಬುವುದಿಲ್ಲ. ಎಳೆ ಮಡಚಿದರೆ ಕೋನ ಮೋಸ ಮಾಡುತ್ತದೆ. ಅಗಲ ಮತ್ತು ಅಡ್ಡಗೋಡೆಗಳೇ ನನಗೆ ಮುಖ್ಯ.

ಕಂಡ ಕೂಡಲೇ ರೋಗಿಯನ್ನು ನೋಡುವ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಪ್ರಿಂಟ್ ಆದ ರಿಪೋರ್ಟ್ ಆಮೇಲೆ. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರ್‌ಗೆ ನಾಟುವುದೇ ಇಲ್ಲ. ಅದಕ್ಕೆ ಆಂಫೋಟೆರಿಸಿನ್ ಬಿ ಬೇಕು, ಜೊತೆಗೆ ಸತ್ತ ಮಾಂಸ ಕತ್ತರಿಸಿ ತೆಗೆಯುವ ಸರ್ಜನ್ ಬೇಕು. "ಗ್ಯಾಲಕ್ಟೊಮ್ಯಾನನ್ ನೆಗೆಟಿವ್ ಬಂದಿದೆಯಲ್ಲ ಮೇಡಂ?" ಅಂತ ಕೇಳುತ್ತಾರೆ. ಆಸ್ಪರ್ಜಿಲಸ್ ಹುಡುಕುವ ಆ ಟೆಸ್ಟ್ ಮ್ಯೂಕರನ್ನು ಹಿಡಿಯುವುದಿಲ್ಲ, ಅದನ್ನು ನಂಬಿ ಸುಮ್ನೆ ಕೂರಬೇಡಿ ಅನ್ನುತ್ತೇನೆ.

ಸ್ಲೈಡಿನಲ್ಲಿ ಏನೂ ಕಾಣದೆ ಕಲ್ಚರ್‌ನಲ್ಲಿ ಮಾತ್ರ ಮ್ಯೂಕರ್ ಗುಂಪಿನ ರೈಜೋಪಸ್ ಬೆಳೆದರೆ ತಲೆನೋವು. ಗಾಳಿಯಿಂದ ಬಿದ್ದದ್ದೂ ಇರಬಹುದು ಅಲ್ವಾ? ಆದರೆ ಇಂಥ ರೋಗಿಯಲ್ಲಿ ಅದನ್ನು ಕಸ ಎಂದು ಎಸೆಯುವ ಧೈರ್ಯ ನನಗಿಲ್ಲ. ಸ್ಕ್ಯಾನ್ ಏನು ಹೇಳುತ್ತದೆ ಅಂತ ವಿಚಾರಿಸಿ, ಆ ದಿನವೇ ಇನ್ನೊಂದು ತುಣುಕು ಕೇಳುತ್ತೇನೆ.